ಆಟ ಒಂದೇ, ಯಂತ್ರ ಹಲವು

ಚೌಕಾಬಾರ ಆಡುವುದಕ್ಕೆ ಬೇಕಾದುದೆಷ್ಟು? ಜಗಲಿಯ ಮೇಲೆ ಸೀಮೆಸುಣ್ಣದಿಂದ ಗೀಚಿದ ಇಪ್ಪತ್ತೈದು ಮನೆಗಳು, ನಾಲ್ಕು ಕವಡೆ, ಕಾಯಿಗಳಿಗೆ ಬದಲಾಗಿ ಒಡೆದ ಬಳೆಯ ಚೂರೋ, ಹುಣಿಸೆಯ ಬೀಜವೋ, ಅಂಗಳದಲ್ಲಿ ಸಿಕ್ಕಿದ ಕಲ್ಲೋ. ಅನುಕೂಲವಂತರ ಮನೆಯಲ್ಲಿ ಇದೇ ಆಟ ಬೀಟೆಮರದ ಮಣೆಯ ಮೇಲೆ, ಬಣ್ಣದ ಕಾಯಿಗಳೊಡನೆ ನಡೆಯುತ್ತದೆ. ಮಣೆ ಯಾವುದಾದರೇನು? ಕತ್ತರಿ ಗುರುತಿನ ಮನೆಯಲ್ಲಿ ಕುಳಿತ ಕಾಯಿಯನ್ನು ಹೊಡೆಯುವಂತಿಲ್ಲ. ಹೊಡೆತ ತಿಂದ ಕಾಯಿ ಮತ್ತೆ ಮೊದಲಿನಿಂದ ಹೊರಡಲೇಬೇಕು. ನೆಲದ ಮೇಲಿನ ಆಟ ಕೀಳು, ಮಣೆಯ ಮೇಲಿನದು ಮೇಲು ಎಂದು ಯಾವ ಅಜ್ಜಿಯೂ ಹೇಳಿದ್ದಿಲ್ಲ.

ವಿಡಿಯೋ ಆಟಗಳ ಸಂಗತಿ ಹಾಗಲ್ಲ. ಅಲ್ಲಿ ಮಣೆಯ ಸ್ಥಾನದಲ್ಲಿರುವುದು ಯಂತ್ರ. ಆ ಯಂತ್ರಕ್ಕೆ ಆಟಗಾರರ ಪರಿಭಾಷೆಯಲ್ಲಿ 'ಪ್ಲಾಟ್‌ಫಾರಂ' ಎಂದು ಹೆಸರು. ರೈಲಿನ ಪ್ಲಾಟ್‌ಫಾರಂ ಬದಲಾದರೆ ಪ್ರಯಾಣಿಕನು ಗಂಟುಮೂಟೆ ಹೊತ್ತು ಓಡಿದರೆ ಸಾಕು. ಹತ್ತುವ ರೈಲು ಅದೇ ಆಗಿರುತ್ತದೆ. ಆಟದ ಪ್ಲಾಟ್‌ಫಾರಂ ಬದಲಾದರೆ ಆಟವೇ ಬೇರೊಂದಾಗಿಬಿಡಬಹುದು. ಅಂಗಡಿಯ ಬೃಹದ್ಯಂತ್ರದಲ್ಲಿ ಮೋಹಕವಾಗಿದ್ದುದು ಮನೆಯ ಟೆಲಿವಿಷನ್ನಿಗೆ ಬಂದಾಗ ಕಳೆಗುಂದಬಹುದು. ಬಡ ಕಂಪ್ಯೂಟರಿನಲ್ಲಿ ಹುಟ್ಟಿದ್ದು ಅಂಗೈಯಗಲದ ಪೆಟ್ಟಿಗೆಯಲ್ಲಿ ಲೋಕವನ್ನೇ ಗೆಲ್ಲಬಹುದು. ಹೀಗಿರಲು, ಯಂತ್ರದಿಂದ ಯಂತ್ರಕ್ಕೆ ಸಾಗುವಾಗ ಆಟದಲ್ಲಿ ಉಳಿಯಬೇಕಾದುದು ಯಾವುದು, ಬಿಟ್ಟರೂ ನಡೆಯುವುದು ಯಾವುದು? ಆಟವನ್ನು ರಚಿಸುವವರು, ಅದನ್ನು ತೂಗಿ ನೋಡುವ ವಿಮರ್ಶಕರು, ಹಣ ತೆತ್ತು ಕೊಳ್ಳುವ ಗೃಹಸ್ಥರು—ಈ ಮೂವರನ್ನೂ ಕಾಡುವ ಪ್ರಶ್ನೆ ಇದು. ಇದಕ್ಕೆ ಉತ್ತರವನ್ನು ಎರಡು ಹೆಸರಾಂತ ಆಟಗಳ ಚರಿತ್ರೆಯಲ್ಲಿ ಹುಡುಕಬಹುದು. ಒಂದು ಹುಟ್ಟಿದ್ದು ಟೋಕಿಯೋದಲ್ಲಿ, ಮತ್ತೊಂದು ಮಾಸ್ಕೋದಲ್ಲಿ.

ಟೋಕಿಯೋದ ಹೊಟ್ಟೆಬಾಕ

1980ರ ಮೇ ತಿಂಗಳಲ್ಲಿ ಟೋಕಿಯೋ ನಗರದ ಶಿಬುಯ ಬಡಾವಣೆಯಲ್ಲಿ ನಾಮ್ಕೋ ಕಂಪೆನಿಯವರು ಹೊಸದೊಂದು ಆಟದ ಯಂತ್ರವನ್ನು ಪ್ರಯೋಗಾರ್ಥವಾಗಿ ಇರಿಸಿದರು. ಆಟದ ರಚಯಿತರು ತೋರು ಇವಾತಾನಿ. ಆಗ ಅವರಿಗೆ ವಯಸ್ಸು ಇಪ್ಪತ್ತೈದು. ಆ ಕಾಲದ ಆಟಗಳೆಲ್ಲ ಬಹುಮಟ್ಟಿಗೆ ಗುಂಡು ಹಾರಿಸುವ, ಆಕಾಶನೌಕೆಗಳನ್ನು ಉರುಳಿಸುವ ಯುದ್ಧದ ಆಟಗಳು. ಆಟದ ಅಂಗಡಿಗಳೆಂದರೆ ತರುಣರ ಅಡ್ಡೆಗಳು. ಹೆಣ್ಣುಮಕ್ಕಳು ಅತ್ತ ಸುಳಿಯುತ್ತಿರಲಿಲ್ಲ. ಅವರೂ ನಿಸ್ಸಂಕೋಚವಾಗಿ ಬಂದು ಆಡುವಂತಹ ಆಟವೊಂದು ಬೇಕೆಂದು ಯೋಚಿಸಿದ ಇವಾತಾನಿ, ಕೊಲ್ಲುವುದನ್ನು ಬಿಟ್ಟು ತಿನ್ನುವುದನ್ನು ಆಯ್ದುಕೊಂಡರು. ಬಾಯಿ ತೆರೆದ ಹಳದಿ ಬಿಲ್ಲೆಯೊಂದು ಓಣಿಗಳ ಚಕ್ರವ್ಯೂಹದಲ್ಲಿ ಚುಕ್ಕಿಗಳನ್ನು ನುಂಗುತ್ತ ಓಡುತ್ತದೆ. ನಾಲ್ಕು ಭೂತಗಳು ಅದನ್ನು ಅಟ್ಟಿಸಿಕೊಂಡು ಬರುತ್ತವೆ. ಗಬಗಬನೆ ತಿನ್ನುವ ಸದ್ದಿಗೆ ಜಪಾನೀ ಭಾಷೆಯಲ್ಲಿ 'ಪಾಕು ಪಾಕು' ಎನ್ನುತ್ತಾರೆ. ಆ ಅನುಕರಣ ಶಬ್ದದಿಂದಲೇ ಆಟಕ್ಕೆ ನಾಮಕರಣವಾಯಿತು. ಅಮೆರಿಕಕ್ಕೆ ಹೋಗುವಾಗ ಅದು 'ಪ್ಯಾಕ್-ಮ್ಯಾನ್' ಆಯಿತು.

ಚುಕ್ಕಿಗಳು 240, ಅವುಗಳ ಜೊತೆಗೆ ನಾಲ್ಕು ಮೂಲೆಗಳಲ್ಲಿ ನಾಲ್ಕು ದೊಡ್ಡ ಗುಳಿಗೆಗಳು. ಗುಳಿಗೆ ನುಂಗಿದ ಕ್ಷಣದಿಂದ ಪರಿಸ್ಥಿತಿ ತಲೆಕೆಳಗು: ಅಟ್ಟುತ್ತಿದ್ದ ಭೂತಗಳು ನೀಲಿಗಟ್ಟಿ ಓಡತೊಡಗುತ್ತವೆ, ಓಡುತ್ತಿದ್ದವನು ಅಟ್ಟುತ್ತಾನೆ. ಆದರೆ ಆಟದ ನಿಜವಾದ ಸೊಗಸಿರುವುದು ಆ ನಾಲ್ಕು ಭೂತಗಳ ಸ್ವಭಾವದಲ್ಲಿ. ಕೆಂಪು ಭೂತ ನೇರವಾಗಿ ಬೆನ್ನು ಹತ್ತುತ್ತದೆ. ಗುಲಾಬಿಯದು ಆಟಗಾರ ಹೋಗುತ್ತಿರುವ ದಿಕ್ಕಿನಲ್ಲಿ ನಾಲ್ಕು ಮನೆ ಮುಂದಕ್ಕೆ ಗುರಿಯಿಟ್ಟು ದಾರಿ ಕಟ್ಟಲು ಬರುತ್ತದೆ. ನೀಲಿಯದು ಕೆಂಪು ಭೂತ ಎಲ್ಲಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡು ತನ್ನ ದಾರಿ ಹುಡುಕುತ್ತದೆ. ಕಿತ್ತಳೆ ಬಣ್ಣದ್ದು ದೂರದಲ್ಲಿರುವಾಗ ಶೂರ. ಹತ್ತಿರ ಬಂದೊಡನೆ ತನ್ನ ಮೂಲೆಗೆ ತಿರುಗಿಬಿಡುತ್ತದೆ. ಇಷ್ಟಲ್ಲದೆ, ಆಗಾಗ ನಾಲ್ಕೂ ಭೂತಗಳು ಬೇಟೆಯನ್ನು ಬಿಟ್ಟು ತಂತಮ್ಮ ಮೂಲೆಗಳಿಗೆ ಹಿಂದಿರುಗುತ್ತವೆ. ಆಟಗಾರನು ಉಸಿರು ಬಿಡಲೆಂದು ರಚಯಿತರು ಕರುಣಿಸಿದ ವಿರಾಮ ಅದು. ಸ್ವಲ್ಪ ದಿನ ಆಡಿದವನಿಗೆ ಬಣ್ಣ ಕಂಡೊಡನೆ ಗುಣ ಹೊಳೆಯುತ್ತದೆ, ವೈರಿಗಳೂ ಪರಿಚಿತರಾಗಿಬಿಡುತ್ತಾರೆ.

ಬೆಟ್ಟವನ್ನು ಬುಟ್ಟಿಗೆ ತುಂಬಿದಾಗ

ಅಂಗಡಿಯಲ್ಲಿ ನಾಣ್ಯ ಹಾಕಿ ಆಡಿದ ಆಟ ಮನೆಯಲ್ಲಿಯೂ ಬೇಕೆಂದು ಅಮೆರಿಕದ ಮಕ್ಕಳು ಹಟ ಹಿಡಿದುದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿನ ಮನೆಗಳಲ್ಲಿ ಆಗ ಹೆಚ್ಚಾಗಿ ಇದ್ದುದು ಅಟಾರಿ ಕಂಪೆನಿಯ ಪೆಟ್ಟಿಗೆ. ಮುಂದೆ 'ಅಟಾರಿ 2600' ಎಂದು ಹೆಸರಾದ ಆ ಯಂತ್ರ 1977ರಲ್ಲಿ ಹೊರಬಂದಿತ್ತು. ಪೆಟ್ಟಿಗೆಯನ್ನು ಟೆಲಿವಿಷನ್ನಿಗೆ ಜೋಡಿಸಿ, ಬೇಕಾದ ಆಟದ ಕಾರ್ಟ್ರಿಜ್ ಅನ್ನು ಅದರಲ್ಲಿ ಸಿಕ್ಕಿಸಿದರೆ ಆಟ ಸಿದ್ಧ.

ಆದರೆ ಆ ಪೆಟ್ಟಿಗೆಯನ್ನು ನಿರ್ಮಿಸಿದವರ ಮನಸ್ಸಿನಲ್ಲಿದ್ದುದು ಎಂತಹ ಆಟ? ಇಬ್ಬರು ಆಟಗಾರರು, ಅವರ ನಡುವೆ ಒಂದು ಚೆಂಡು. ಇಲ್ಲವೆ ಎರಡು ಟ್ಯಾಂಕುಗಳು, ಅವು ಹಾರಿಸುವ ಎರಡು ಗುಂಡುಗಳು. ಅಷ್ಟೇ. ಆದ್ದರಿಂದ ಪರದೆಯ ಮೇಲೆ ಚಲಿಸುವ ಎರಡು ಆಕೃತಿ, ಎರಡು ಗುಂಡು, ಒಂದು ಚೆಂಡು—ಇವಿಷ್ಟನ್ನು ಮಾತ್ರ ತೋರಿಸುವ ಸಾಮರ್ಥ್ಯವನ್ನು ಅದಕ್ಕೆ ಕೊಟ್ಟಿದ್ದರು. ಆಟ ನಡೆಯುವಾಗ ನೆನಪಿಟ್ಟುಕೊಳ್ಳಲು ಅದಕ್ಕಿದ್ದ ಸ್ಮೃತಿ ಕೇವಲ 128 ಬೈಟ್. ಎಂದರೆ ಇಂಗ್ಲಿಷಿನ 128 ಅಕ್ಷರಗಳು ಹಿಡಿಸುವಷ್ಟು ಜಾಗ. ಒಂದು ಪೂರ್ಣ ಚಿತ್ರವನ್ನು ಸಿದ್ಧಪಡಿಸಿ ಇಟ್ಟುಕೊಳ್ಳುವುದಕ್ಕೂ ಅದರಲ್ಲಿ ಎಡೆಯಿರಲಿಲ್ಲ. ಆ ಕಾಲದ ಟೆಲಿವಿಷನ್ನಿನಲ್ಲಿ ಕಿರಣವೊಂದು ಪರದೆಯನ್ನು ಸಾಲುಸಾಲಾಗಿ ಬೆಳಗಿಸುತ್ತ ಸೆಕೆಂಡಿಗೆ ಅರವತ್ತು ಬಾರಿ ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು. ಕಿರಣವು ಒಂದೊಂದು ಸಾಲಿಗೆ ಬರುವ ಹೊತ್ತಿಗೆ ಆ ಸಾಲಿನಲ್ಲಿ ಏನಿರಬೇಕೆಂದು ಪ್ರೋಗ್ರಾಂ ಹೇಳಿಬಿಡಬೇಕು. ತಡವಾದರೆ ಚಿತ್ರ ಕೆಟ್ಟಿತು. ಮುಂದೆ ಓಡುವ ಕಿರಣದೊಡನೆ ಪಂದ್ಯ ಕಟ್ಟಿ ಬರೆಯಬೇಕಾದ ಪ್ರೋಗ್ರಾಂ ಅದು.

ಇಂತಹ ಪೆಟ್ಟಿಗೆಗೆ ಪ್ಯಾಕ್-ಮ್ಯಾನನ್ನು ಇಳಿಸುವ ಹೊಣೆ ಟಾಡ್ ಫ್ರೈ ಎಂಬ ತರುಣ ತಂತ್ರಜ್ಞರ ಪಾಲಿಗೆ ಬಂದಿತು. ಕಾರ್ಟ್ರಿಜ್ಜಿನಲ್ಲಿ ಅವರಿಗೆ ದೊರೆತ ಜಾಗ ನಾಲ್ಕು ಕಿಲೋಬೈಟ್. ಅಂಗಡಿಯ ಯಂತ್ರದಲ್ಲಿ ಪ್ರೋಗ್ರಾಮಿಗೇ ಇದರ ನಾಲ್ಕರಷ್ಟು ಜಾಗವಿತ್ತು. ಎರಡೇ ಆಕೃತಿಗಳನ್ನು ತೋರಿಸಬಲ್ಲ ಯಂತ್ರದಲ್ಲಿ ಓಡುವವನೊಬ್ಬ, ಅಟ್ಟುವವರು ನಾಲ್ವರು. ಒಟ್ಟು ಐವರನ್ನು ತೋರಿಸುವುದು ಹೇಗೆ? ನಾಲ್ಕು ಭೂತಗಳನ್ನೂ ಸರದಿಯ ಮೇಲೆ ತೋರಿಸುವುದೊಂದೇ ಅವರಿಗೆ ಕಂಡ ದಾರಿ. ಹೀಗಾಗಿ ಪ್ರತಿಯೊಂದು ಭೂತವೂ ಸೆಕೆಂಡಿಗೆ ಅರವತ್ತು ಬಾರಿಯ ಬದಲು ಹದಿನೈದು ಬಾರಿ ಮಾತ್ರ ಕಾಣಿಸಿಕೊಂಡಿತು. ಮಳೆಗಾಲದ ಮಿಣುಕುಹುಳುಗಳಂತೆ ಭೂತಗಳು ಮಿಣುಕತೊಡಗಿದವು. ಯಾವುದು ಯಾವ ಭೂತವೆಂದು ಗುರುತಿಸುವುದೇ ಕಷ್ಟವಾಯಿತು. ಯಾವ ಚುಕ್ಕಿಯನ್ನು ನುಂಗಿಯಾಯಿತು, ಯಾವುದು ಉಳಿದಿದೆ ಎಂಬುದನ್ನು ಯಂತ್ರ ನೆನಪಿಡಬೇಕಷ್ಟೆ. 240 ಚುಕ್ಕಿಗಳಿಗೆ ಕನಿಷ್ಠ ಮೂವತ್ತು ಬೈಟ್ ಬೇಕು, ಇರುವುದೇ 128. ಆದುದರಿಂದ ಚುಕ್ಕಿಗಳ ಸಂಖ್ಯೆ ತಗ್ಗಿತು, ಅವು ಗಿಡ್ಡ ಗೀಟುಗಳಾದವು. ಚಕ್ರವ್ಯೂಹದ ನಕ್ಷೆ ಬದಲಾಯಿತು. ಕಪ್ಪು ಹಿನ್ನೆಲೆಯ ಜಾಗಕ್ಕೆ ನೀಲಿ ಬಂದಿತು. ಎಡಬಲದಲ್ಲಿದ್ದ ಸುರಂಗಗಳು ಮೇಲಕ್ಕೂ ಕೆಳಕ್ಕೂ ಹೋದವು.

1982ರ ವಸಂತದಲ್ಲಿ ಈ ಕಾರ್ಟ್ರಿಜ್ ಮಾರುಕಟ್ಟೆಗೆ ಬಂದಾಗ ಜನ ಮುಗಿಬಿದ್ದು ಕೊಂಡರು. ಸುಮಾರು ಎಪ್ಪತ್ತು ಲಕ್ಷ ಪ್ರತಿಗಳು ಖರ್ಚಾದವು; ಆ ಪೆಟ್ಟಿಗೆಗಾಗಿ ಬಂದ ಆಟಗಳಲ್ಲೆಲ್ಲ ಅತಿ ಹೆಚ್ಚು ಮಾರಾಟವಾದುದು ಇದೇ. ಆದರೆ ಮನೆಗೆ ತಂದು ಆಡಿದವರ ಮುಖ ಬಾಡಿತು. ಹೆಸರು ಅದೇ, ಡಬ್ಬಿಯ ಮೇಲಿನ ಚಿತ್ರ ಮನೋಹರ. ಪರದೆಯ ಮೇಲಿದ್ದುದು ಮಾತ್ರ ಅಂಗಡಿಯಲ್ಲಿ ಕಂಡ ಗೆಳೆಯನಲ್ಲ. ವಿಮರ್ಶಕರು ಒಪ್ಪಿಕೊಳ್ಳಲಿಲ್ಲ. ವ್ಯಾಪಾರದಲ್ಲಿ ಗೆದ್ದ ಆಟ ವಿಶ್ವಾಸದಲ್ಲಿ ಸೋತಿತು.

ಪೆಟ್ಟಿಗೆ ಅದೇ, ಕೈ ಬೇರೆ

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. 'ಬಡ ಯಂತ್ರದಿಂದ ಇನ್ನೇನನ್ನು ನಿರೀಕ್ಷಿಸಲು ಸಾಧ್ಯ? ತಪ್ಪು ಪೆಟ್ಟಿಗೆಯದಲ್ಲವೆ?' ಈ ಮಾತಿಗೆ ಮರುವರ್ಷವೇ ಉತ್ತರ ದೊರೆಯಿತು. 1983ರಲ್ಲಿ ಅದೇ ಪೆಟ್ಟಿಗೆಗೆ 'ಮಿಸ್ ಪ್ಯಾಕ್-ಮ್ಯಾನ್' ಬಂದಿತು. ಮೂಲದಲ್ಲಿ ಇದೂ ಅಂಗಡಿಯ ಯಂತ್ರದ ಆಟವೇ. ಅದನ್ನು ಮನೆಯ ಪೆಟ್ಟಿಗೆಗೆ ಇಳಿಸಿದವರು ಜನರಲ್ ಕಂಪ್ಯೂಟರ್ ಕಾರ್ಪೊರೇಷನ್ ಎಂಬ ಸಂಸ್ಥೆಯವರು. ಅದೇ 128 ಬೈಟ್ ಸ್ಮೃತಿ. ಅದೇ ಎರಡು ಆಕೃತಿಗಳ ಸಾಮರ್ಥ್ಯ. ಹೆಚ್ಚಿಗೆ ದೊರೆತದ್ದು ಕಾರ್ಟ್ರಿಜ್ಜಿನಲ್ಲಿ ಇನ್ನೊಂದು ನಾಲ್ಕು ಕಿಲೋಬೈಟ್ ಜಾಗ, ಮತ್ತು ಹಿಂದಿನ ತಪ್ಪಿನಿಂದ ಕಲಿತ ಪಾಠ. ಭೂತಗಳ ಮಿಣುಕಾಟ ಬಹುಮಟ್ಟಿಗೆ ತಗ್ಗಿತು, ಚಕ್ರವ್ಯೂಹಗಳು ಹಲವಾದವು, ಹಣ್ಣುಗಳು ಹಣ್ಣುಗಳಂತೆಯೇ ಕಂಡವು. ಮೂಲದ ಪ್ರತಿಯೊಂದು ರೇಖೆಯೂ ಇಲ್ಲಿ ಇದ್ದಿತೆಂದಲ್ಲ. ಆದರೆ ಆಡುವವನ ಎದೆಯ ಬಡಿತ ಯಾವುದರಿಂದ ಏರುತ್ತಿತ್ತೋ ಅದು ಉಳಿದಿತ್ತು. ಬಡತನ ಒಂದೇ ಆಗಿದ್ದರೂ ಸಂಸಾರ ನಡೆಸುವ ಜಾಣ್ಮೆ ಎರಡು ಬಗೆ!

ಆದರೆ ಅಷ್ಟರಲ್ಲಿ ಮಾರುಕಟ್ಟೆಯ ಗಾಳಿ ಬೀಸುವ ದಿಕ್ಕು ಬದಲಾಗಿತ್ತು. ಯಾವ ಆಟವನ್ನು ಮುಂದಿಟ್ಟರೂ ಜನ ಕೊಳ್ಳುತ್ತಾರೆಂಬ ಭ್ರಮೆ ಕಂಪೆನಿಗಳಿಗೆ ಹಿಡಿದಿತ್ತು. 1982ರಲ್ಲಿ 'ಇ.ಟಿ.' ಎಂಬ ಚಲನಚಿತ್ರ ಜಗತ್ತನ್ನೇ ಮರುಳುಗೊಳಿಸಿದಾಗ ಅಟಾರಿಯವರು ಅದರ ಹೆಸರಿನ ಆಟವನ್ನು ಕ್ರಿಸ್‌ಮಸ್ ಹಬ್ಬದ ವೇಳೆಗೆ ಹೊರತರಲು ನಿರ್ಧರಿಸಿದರು. ರಚಯಿತ ಹೊವಾರ್ಡ್ ಸ್ಕಾಟ್ ವಾರ್ಶಾ ಅವರಿಗೆ ದೊರೆತ ಅವಧಿ ಐದೇ ವಾರ. ತಿಂಗಳುಗಟ್ಟಲೆ ಹಿಡಿಯುವ ಕೆಲಸವನ್ನು ಅವರು ಆ ಅವಧಿಯಲ್ಲಿಯೇ ಮುಗಿಸಿ ಕೊಟ್ಟರು. ಅದು ಸಾಹಸವೇ ಸರಿ. ಆದರೆ ಆಡಿದ ಮಕ್ಕಳಿಗೆ ನೆನಪಿನಲ್ಲಿ ಉಳಿದದ್ದು, ಹೆಜ್ಜೆಹೆಜ್ಜೆಗೂ ಹೊಂಡದಲ್ಲಿ ಬೀಳುವ ಬೇಸರ. ಲಕ್ಷಾಂತರ ಕಾರ್ಟ್ರಿಜ್‌ಗಳು ಮಾರಾಟವಾಗದೆ ಉಳಿದವು.

ಒಮ್ಮೆ ಮೋಸಹೋದ ತಾಯಿತಂದೆಯರು ಎರಡನೆಯ ಬಾರಿ ಕೈಚೀಲ ಬಿಚ್ಚಲಿಲ್ಲ. ಅಂಗಡಿಗಳಲ್ಲಿ ಒಳ್ಳೆಯ ಆಟ, ಕೆಟ್ಟ ಆಟ ಎಲ್ಲವೂ ಒಂದೇ ರಾಶಿಯಲ್ಲಿ ಬಿದ್ದು ಅಗ್ಗದ ದರಕ್ಕೆ ಹೋದವು. 1983ರಲ್ಲಿ ಆರಂಭವಾದ ಈ ಕುಸಿತದಲ್ಲಿ ಅಮೆರಿಕದ ಮನೆಯಾಟಗಳ ವ್ಯಾಪಾರ ನೆಲಕಚ್ಚಿತು. ಅನೇಕ ಕಂಪೆನಿಗಳು ಬಾಗಿಲು ಮುಚ್ಚಿದವು. ಆ ವರ್ಷ ಸೆಪ್ಟೆಂಬರಿನಲ್ಲಿ ಅಟಾರಿಯವರು ತಮ್ಮ ಉಳಿಕೆ ಸರಕನ್ನು ಲಾರಿಗಳಲ್ಲಿ ಹೇರಿ, ನ್ಯೂ ಮೆಕ್ಸಿಕೋ ಸಂಸ್ಥಾನದ ಅಲಮೊಗೊರ್ಡೊ ಎಂಬ ಊರಿನ ಕಸದ ಹೊಂಡದಲ್ಲಿ ಹೂಳಿಸಿದರು. ಮೂವತ್ತು ವರ್ಷಗಳ ಕಾಲ ದಂತಕಥೆಯೆಂದೇ ಅನೇಕರು ಭಾವಿಸಿದ್ದ ಈ ಸಂಗತಿ 2014ರ ಏಪ್ರಿಲ್‌ನಲ್ಲಿ ಆ ಹೊಂಡವನ್ನು ಅಗೆದಾಗ ನಿಜವೆಂದು ಸಿದ್ಧವಾಯಿತು. ಮಣ್ಣಿನಿಂದ ಹೊರಬಂದ ಸರಕಿನಲ್ಲಿ ಇ.ಟಿ.ಯೊಂದೇ ಅಲ್ಲ, ಪ್ಯಾಕ್-ಮ್ಯಾನ್ ಕೂಡ ಇದ್ದಿತು. ಅಲ್ಲಿ ಹೂತುಹೋಗಿದ್ದುದು ಬರಿಯ ಪ್ಲಾಸ್ಟಿಕ್ ಡಬ್ಬಿಗಳಲ್ಲ. ಕೊಳ್ಳುವವನು ಮಾರುವವನಲ್ಲಿ ಇಟ್ಟಿದ್ದ ನಂಬಿಕೆಯೂ ಆಗಿತ್ತು.

ಮಾಸ್ಕೋದ ಏಳು ತುಂಡುಗಳು

ಅಮೆರಿಕದಲ್ಲಿ ಈ ಶವಸಂಸ್ಕಾರ ನಡೆದ ಮರುವರ್ಷ, 1984ರಲ್ಲಿ, ಭೂಗೋಳದ ಇನ್ನೊಂದು ಮಗ್ಗುಲಿನಲ್ಲಿ ಎರಡನೆಯ ಆಟ ಹುಟ್ಟಿತು. ಸೋವಿಯತ್ ವಿಜ್ಞಾನ ಅಕಾಡೆಮಿಗೆ ಸೇರಿದ ಮಾಸ್ಕೋದ ಗಣಕ ಕೇಂದ್ರದಲ್ಲಿ ಅಲೆಕ್ಸಿ ಪಾಜಿತ್ನೊವ್ ಎಂಬ ತರುಣ ಸಂಶೋಧಕರಿದ್ದರು. ಅವರ ಮುಂದಿದ್ದ 'ಎಲೆಕ್ಟ್ರಾನಿಕಾ 60' ಎಂಬ ಕಂಪ್ಯೂಟರಿಗೆ ಚಿತ್ರ ಬರೆಯಲು ಬಾರದು, ಬಣ್ಣ ಗೊತ್ತಿಲ್ಲ, ಅಕ್ಷರಗಳನ್ನೂ ಚಿಹ್ನೆಗಳನ್ನೂ ಮಾತ್ರ ತೋರಿಸಬಲ್ಲುದು. ಅಟಾರಿಯ ಪೆಟ್ಟಿಗೆಗಾದರೂ ಬಣ್ಣವಿತ್ತು, ಸದ್ದಿತ್ತು. ಇದಕ್ಕೆ ಆ ಭಾಗ್ಯವೂ ಇರಲಿಲ್ಲ.

ಐದೈದು ಚೌಕಗಳಿಂದಾದ ಹನ್ನೆರಡು ತುಂಡುಗಳನ್ನು ಪೆಟ್ಟಿಗೆಯೊಳಗೆ ಹೊಂದಿಸಿ ಇಡುವ ಹಳೆಯದೊಂದು ಒಗಟಿನ ಆಟದಲ್ಲಿ ಪಾಜಿತ್ನೊವರಿಗೆ ಆಸಕ್ತಿಯಿತ್ತು. ಅದನ್ನೇ ಸರಳಗೊಳಿಸಿ, ನಾಲ್ಕು ನಾಲ್ಕು ಚೌಕಗಳ ಏಳು ತುಂಡುಗಳನ್ನು ಅವರು ತೆಗೆದುಕೊಂಡರು. ತುಂಡುಗಳು ಒಂದೊಂದಾಗಿ ಮೇಲಿನಿಂದ ಬೀಳುತ್ತವೆ. ಆಟಗಾರ ಅವುಗಳನ್ನು ತಿರುಗಿಸಿ ಸಂದಿಲ್ಲದಂತೆ ಜೋಡಿಸಬೇಕು. ಒಂದು ಸಾಲು ಪೂರ್ತಿಯಾದರೆ ಅದು ಮಾಯವಾಗುತ್ತದೆ. ಚಿತ್ರ ಬರೆಯಲು ಬಾರದ ಯಂತ್ರದಲ್ಲಿ ಚೌಕವನ್ನು ತೋರಿಸುವ ಬಗೆ? ಎರಡು ಆವರಣ ಚಿಹ್ನೆಗಳನ್ನು ಎದುರುಬದುರಾಗಿ ನಿಲ್ಲಿಸಿದರು, ಚೌಕವಾಯಿತು. ಗ್ರೀಕ್ ಭಾಷೆಯಲ್ಲಿ ನಾಲ್ಕನ್ನು ಸೂಚಿಸುವ 'ಟೆಟ್ರಾ', ಅವರ ಮೆಚ್ಚಿನ ಕ್ರೀಡೆಯಾದ ಟೆನಿಸ್—ಇವೆರಡೂ ಸೇರಿ ಆಟದ ಹೆಸರು 'ಟೆಟ್ರಿಸ್' ಆಯಿತು.

ಬೇಗನೆ ಅದು ಬೇರೆ ಯಂತ್ರಕ್ಕೆ ಪ್ರಯಾಣ ಹೊರಟಿತು. ಹದಿನಾರು ವರ್ಷದ ವಿದ್ಯಾರ್ಥಿ ವಾದಿಮ್ ಗೆರಾಸಿಮೊವ್ ಅದನ್ನು ಐ.ಬಿ.ಎಂ. ಕಂಪ್ಯೂಟರಿಗೆ ಅಳವಡಿಸಿದರು; ತುಂಡುಗಳಿಗೆ ಬಣ್ಣ ಬಂದಿತು. ಫ್ಲಾಪಿ ತಟ್ಟೆಗಳ ಮೂಲಕ ಕೈಯಿಂದ ಕೈಗೆ ದಾಟುತ್ತ ಆಟ ಮಾಸ್ಕೋ ನಗರವನ್ನೆಲ್ಲ ವ್ಯಾಪಿಸಿ, ಹಂಗೇರಿಯನ್ನು ಮುಟ್ಟಿ, ಅಲ್ಲಿಂದ ಇಂಗ್ಲೆಂಡ್, ಅಮೆರಿಕಗಳಿಗೆ ಹೋಯಿತು. ಯಂತ್ರಕ್ಕೊಂದು ವೇಷ, ಆದರೆ ಎಲ್ಲಿಯೂ ಯಾರೂ 'ಇದು ಟೆಟ್ರಿಸ್ ಅಲ್ಲ' ಎನ್ನಲಿಲ್ಲ. ಕಾರಣವಿಷ್ಟೆ: ಅದರ ಪ್ರಾಣ ಬಣ್ಣದಲ್ಲಿಯೂ ಇರಲಿಲ್ಲ, ಸಂಗೀತದಲ್ಲಿಯೂ ಇರಲಿಲ್ಲ. ಬೀಳುವ ತುಂಡು, ಕಾಯದ ಕಾಲ, ತುಂಬಬೇಕಾದ ಸಂದು—ಈ ಮೂರರಲ್ಲಿತ್ತು. ಪ್ಯಾಕ್-ಮ್ಯಾನನ್ನು ರಚಿಸಿದವರಿಗೆ ಸಮೃದ್ಧ ಯಂತ್ರ ದೊರೆತಿತ್ತು. ಆದುದರಿಂದ ಬಡ ಯಂತ್ರಕ್ಕೆ ಬಂದಾಗ ಕಳೆದುಕೊಳ್ಳುವುದು ಬಹಳವಿತ್ತು. ಟೆಟ್ರಿಸ್ ಹುಟ್ಟಿದ್ದೇ ದಾರಿದ್ರ್ಯದಲ್ಲಿ. ಅದಕ್ಕೆ ಹೋದಲ್ಲೆಲ್ಲ ಲಾಭವೇ.

ಎರಡು ಸಾಲಿನ ತ್ಯಾಗ

ಟೆಟ್ರಿಸ್ಸಿನ ಪ್ರಯಾಣದಲ್ಲಿ ಅತ್ಯಂತ ಬೋಧಪ್ರದವಾದ ಘಟ್ಟ ಅಂಗೈಯ ಯಂತ್ರವಾದ 'ಗೇಮ್ ಬಾಯ್'ಗೆ ಅದು ಬಂದುದು. ಜಪಾನಿನ ನಿಂಟೆಂಡೊ ಕಂಪೆನಿಯ ಗುನ್‌ಪೇ ಯೊಕೊಯಿ ಅವರ ಮುಂದಾಳುತನದಲ್ಲಿ ತಯಾರಾದ ಆ ಯಂತ್ರ 1989ರಲ್ಲಿ ಹೊರಬಂದಿತು. ಹೊಚ್ಚಹೊಸ ದುಬಾರಿ ತಂತ್ರಜ್ಞಾನಕ್ಕೆ ಮರುಳಾಗದೆ, ಬಳಸಿ ಪಳಗಿದ ಅಗ್ಗದ ತಂತ್ರಜ್ಞಾನವನ್ನು ಹೊಸ ಬಗೆಯಲ್ಲಿ ದುಡಿಸಿಕೊಳ್ಳಬೇಕೆಂಬುದು ಯೊಕೊಯಿ ಅವರ ಸಿದ್ಧಾಂತ. ಪರದೆಗೆ ಬಣ್ಣವಿಲ್ಲ, ಹಸುರು ಮಿಶ್ರಿತ ನಾಲ್ಕು ಛಾಯೆಗಳಷ್ಟೆ. ಅದರಲ್ಲಿ ಅಡ್ಡಕ್ಕೆ 160, ಉದ್ದಕ್ಕೆ 144 ಬಿಂದುಗಳು. ಅದೇ ವರ್ಷ ಅಟಾರಿಯವರು ತಂದ 'ಲಿಂಕ್ಸ್', ಮರುವರ್ಷ ಸೆಗಾ ಕಂಪೆನಿ ತಂದ 'ಗೇಮ್ ಗೇರ್'—ಇವೆರಡಕ್ಕೂ ಬೆಳಗುವ ಬಣ್ಣದ ಪರದೆಯಿತ್ತು. ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಗೇಮ್ ಬಾಯ್ ತೀರ ಬಡಕಲು. ಆದರೆ ಅವೆರಡು ಯಂತ್ರಗಳು ಆರು ಬ್ಯಾಟರಿಗಳನ್ನು ನಾಲ್ಕೈದು ಗಂಟೆಯಲ್ಲಿ ನುಂಗಿಬಿಡುತ್ತಿದ್ದವು. ಗೇಮ್ ಬಾಯ್ ನಾಲ್ಕೇ ಬ್ಯಾಟರಿಗಳಲ್ಲಿ ಹತ್ತಾರು ಗಂಟೆ ನಡೆಯುತ್ತಿತ್ತು. ಮನೆಯಲ್ಲಿ ಬ್ಯಾಟರಿಗೆ ಹಣ ಕೊಡುವವರಿಗೆ ಈ ಲೆಕ್ಕ ಬೇಗ ಅರ್ಥವಾಯಿತು.

ಈ ಯಂತ್ರದೊಡನೆ ಯಾವ ಆಟವನ್ನು ಕೊಡಬೇಕೆಂಬ ಚರ್ಚೆ ನಡೆದಾಗ ಹೆಂಕ್ ರಾಜರ್ಸ್ ಎಂಬ ಆಟಗಳ ಪ್ರಕಾಶಕರು ಒಂದು ವಾದ ಮುಂದಿಟ್ಟರು: ಹುಡುಗರು ಮಾತ್ರ ಕೊಂಡರೆ ಸಾಕೆನಿಸಿದರೆ ಮಾರಿಯೋ ಆಟ ಕೊಡಿ, ಎಲ್ಲರೂ ಕೊಳ್ಳಬೇಕಾದರೆ ಟೆಟ್ರಿಸ್ ಕೊಡಿ, ಎಂಬುದು ಅದರ ಸಾರ. ಅದಕ್ಕಾಗಿ ಅವರು 1989ರ ಫೆಬ್ರವರಿಯಲ್ಲಿ, ಯಾರ ಆಹ್ವಾನವೂ ಇಲ್ಲದೆ, ಪ್ರವಾಸಿಯ ವೀಸಾ ಹಿಡಿದು ಮಾಸ್ಕೋಗೆ ಹೋಗಿ, ಸೋವಿಯತ್ ಸರ್ಕಾರದ ರಫ್ತು ಸಂಸ್ಥೆಯೊಡನೆ ಮಾತುಕತೆ ನಡೆಸಿದುದು ಒಂದು ಪತ್ತೇದಾರಿ ಕಾದಂಬರಿಗೆ ಸಾಲುವಂತಹ ಪ್ರಸಂಗ.

ಇಲ್ಲಿ ಗಮನಿಸಬೇಕಾದುದು ಆಟದ ಅಳವಡಿಕೆಯನ್ನು. ಟೆಟ್ರಿಸ್ಸಿನ ಅಂಕಣ ವಾಡಿಕೆಯಂತೆ ಹತ್ತು ಚೌಕ ಅಗಲ, ಇಪ್ಪತ್ತು ಚೌಕ ಎತ್ತರ. ಗೇಮ್ ಬಾಯ್ ಪರದೆಯ ಎತ್ತರ 144 ಬಿಂದುಗಳಷ್ಟೆ. ಚೌಕವೊಂದಕ್ಕೆ ಎಂಟು ಬಿಂದುಗಳಂತೆ ಹಿಡಿದರೆ ಹದಿನೆಂಟು ಸಾಲುಗಳಿಗೆ ಮಾತ್ರ ಜಾಗ. ಚೌಕಗಳನ್ನು ಕುಗ್ಗಿಸಿ ಇಪ್ಪತ್ತು ಸಾಲುಗಳನ್ನೇ ತುರುಕಿದ್ದರೆ ಕಣ್ಣಿಗೆ ತ್ರಾಸವಾಗುತ್ತಿತ್ತು. ಅವರು ಹಾಗೆ ಮಾಡದೆ ಎರಡು ಸಾಲುಗಳನ್ನೇ ಬಿಟ್ಟುಬಿಟ್ಟರು. ಅಂಕಣ ಹದಿನೆಂಟು ಸಾಲಿನದಾಯಿತು. ಬಣ್ಣವಿಲ್ಲದ ಪರದೆಯಲ್ಲಿ ತುಂಡುಗಳನ್ನು ಬೇರೆಬೇರೆಯಾಗಿ ಗುರುತಿಸುವಂತೆ ಪ್ರತಿಯೊಂದಕ್ಕೂ ಬೇರೆ ಬೇರೆ ನೇಯ್ಗೆಯಂತಹ ಅಚ್ಚು ಕೊಟ್ಟರು. ಯಂತ್ರಕ್ಕೆ ತಂತಿ ಜೋಡಿಸಿ ಇಬ್ಬರು ಎದುರಾಗಿ ಆಡುವ ಅವಕಾಶ ಕಲ್ಪಿಸಿದರು. ಹೀಗೆ ಯಂತ್ರದ ಕೊರತೆಯನ್ನು ಮುಚ್ಚಿಡಲು ಹೆಣಗದೆ, ಆ ಯಂತ್ರಕ್ಕೆ ಮಾತ್ರ ಸಾಧ್ಯವಾದುದನ್ನು ಆಟಕ್ಕೆ ಕೂಡಿಸಿದರು. ಅಂಗೈಯ ಟೆಟ್ರಿಸ್ ಸುಮಾರು ಮೂರೂವರೆ ಕೋಟಿ ಪ್ರತಿಗಳಷ್ಟು ಮನೆಗಳನ್ನು ಹೊಕ್ಕಿತು.

ಯಕ್ಷಗಾನವನ್ನು ಬಲ್ಲವರಿಗೆ ಈ ಮರ್ಮ ಹೊಸದಲ್ಲ. ಬಯಲಾಟದ ರಂಗಸ್ಥಳದಲ್ಲಿ ಕಿರೀಟವುಂಟು, ಬಣ್ಣವುಂಟು, ಕುಣಿತವುಂಟು. ಅದೇ ಪ್ರಸಂಗ ತಾಳಮದ್ದಳೆಗೆ ಬಂದಾಗ ವೇಷವಿಲ್ಲ, ಗೆಜ್ಜೆಯಿಲ್ಲ. ಅರ್ಥಧಾರಿ ಕುಳಿತಲ್ಲಿಂದ ಏಳುವುದೂ ಇಲ್ಲ. ಆದರೂ ಸಭೆ ಬೆಳಗಿನವರೆಗೆ ಅಲುಗಾಡದೆ ಕೇಳುತ್ತದೆ. ತಾಳಮದ್ದಳೆಯವರು ಕುಣಿತವನ್ನು ಅರೆಬರೆಯಾಗಿ ಅನುಕರಿಸಹೋಗುವುದಿಲ್ಲ; ತಮಗಿರುವ ಒಂದೇ ಸಂಪತ್ತಾದ ಮಾತಿನಲ್ಲಿ ಕರ್ಣನ ಅಳಲನ್ನೂ ಕೌರವನ ಛಲವನ್ನೂ ತುಂಬುತ್ತಾರೆ. 1982ರ ಪ್ಯಾಕ್-ಮ್ಯಾನ್, ಕೂತಲ್ಲಿಯೇ ಕುಣಿಯಲೆತ್ನಿಸಿದ ಅರ್ಥಧಾರಿ. 1989ರ ಟೆಟ್ರಿಸ್, ಮಾತು ಬಲ್ಲ ಅರ್ಥಧಾರಿ.

ಆಟವನ್ನು ಸೃಷ್ಟಿಸಿದ ಪಾಜಿತ್ನೊವರಿಗೆ ಇದರಿಂದ ದೊರೆತದ್ದೇನು? ಅವರು ಸರ್ಕಾರಿ ಸಂಸ್ಥೆಯ ಸಂಬಳಗಾರರಾಗಿದ್ದುದರಿಂದ ಹಕ್ಕೆಲ್ಲ ಸರ್ಕಾರದ ಪಾಲಾಗಿತ್ತು. ಆಟ ದೇಶವಿದೇಶಗಳಲ್ಲಿ ಹಣ ಸುರಿಸುತ್ತಿದ್ದಾಗ ಅದರ ಜನಕನ ಕೈ ಬರಿದಾಗಿಯೇ ಇತ್ತು. 1991ರಲ್ಲಿ ಅವರು ಅಮೆರಿಕಕ್ಕೆ ಹೋಗಿ ನೆಲಸಿದರು. 1996ರಲ್ಲಿ ಆಟದ ಹಕ್ಕು ಕೊನೆಗೂ ಅವರ ಕೈಸೇರಿತು.

ವಿಮರ್ಶಕನ ತಕ್ಕಡಿ

ರಚಯಿತನ ಕೆಲಸ ಮುಗಿದಲ್ಲಿ ವಿಮರ್ಶಕನ ಕೆಲಸ ಆರಂಭ. ಅಮೆರಿಕದಲ್ಲಿ ಬಿಲ್ ಕುಂಕೆಲ್, ಆರ್ನಿ ಕಾಟ್ಸ್, ಜಾಯ್ಸ್ ವರ್ಲಿ ಎಂಬ ಮೂವರು ಸೇರಿ 1981ರಲ್ಲಿ ವಿಡಿಯೋ ಆಟಗಳಿಗೇ ಮೀಸಲಾದ 'ಎಲೆಕ್ಟ್ರಾನಿಕ್ ಗೇಮ್ಸ್' ಎಂಬ ಪತ್ರಿಕೆಯನ್ನು ಆರಂಭಿಸಿದರು. ಜಪಾನಿನಲ್ಲಿ 1986ರಲ್ಲಿ ಹುಟ್ಟಿದ, ಮುಂದೆ 'ಫಾಮಿತ್ಸು' ಎಂದು ಹೆಸರಾದ ಪತ್ರಿಕೆ ಸ್ವಾರಸ್ಯವಾದ ಪದ್ಧತಿಯೊಂದನ್ನು ರೂಢಿಗೆ ತಂದಿತು. ಒಂದು ಆಟವನ್ನು ನಾಲ್ವರು ಬೇರೆಬೇರೆಯಾಗಿ ಆಡಿ ತಲಾ ಹತ್ತರಲ್ಲಿ ಅಂಕ ಕೊಡುತ್ತಾರೆ, ಒಟ್ಟು ನಲವತ್ತು. ಒಬ್ಬನ ಅಭಿರುಚಿಯೇ ತೀರ್ಪಾಗದಿರಲೆಂಬುದು ಉದ್ದೇಶ. ಈ ಪರೀಕ್ಷೆಯಲ್ಲಿ ನಲವತ್ತಕ್ಕೆ ನಲವತ್ತು ಪಡೆದ ಮೊದಲ ಆಟ ಬಂದುದು 1998ರಲ್ಲಿ: ನಿಂಟೆಂಡೊದವರ 'ಜೆಲ್ಡಾ' ಮಾಲೆಯ 'ಒಕರೀನಾ ಆಫ್ ಟೈಮ್'.

ಆದರೆ ಅಂಕ ಎಷ್ಟೇ ನಿಷ್ಪಕ್ಷಪಾತವಾಗಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ: ಆ ಅಂಕ ಯಾವ ಯಂತ್ರದ ಮೇಲಿನ ಆಟಕ್ಕೆ? ಈ ಪ್ರಶ್ನೆಯನ್ನು ಮರೆತರೆ ಆಗುವ ಅನರ್ಥಕ್ಕೆ ಇತ್ತೀಚಿನ ನಿದರ್ಶನವೊಂದು ಸಾಕು. ಪೋಲೆಂಡಿನ ಸಿ.ಡಿ. ಪ್ರೊಜೆಕ್ಟ್ ರೆಡ್ ಸಂಸ್ಥೆ 2012ರಲ್ಲಿಯೇ ಘೋಷಿಸಿ, ವರ್ಷಗಟ್ಟಲೆ ಕುತೂಹಲ ಕೆರಳಿಸಿದ್ದ 'ಸೈಬರ್‌ಪಂಕ್ 2077' ಎಂಬ ಆಟ 2020ರ ಡಿಸೆಂಬರ್ 10ರಂದು ಬಿಡುಗಡೆಯಾಯಿತು. ಬಿಡುಗಡೆಗೆ ಮುನ್ನ ವಿಮರ್ಶಕರಿಗೆ ಕೊಟ್ಟಿದ್ದುದು ಬಲಿಷ್ಠ ಕಂಪ್ಯೂಟರುಗಳಲ್ಲಿ ನಡೆಯುವ ಪ್ರತಿಯನ್ನು ಮಾತ್ರ. ಅಂಕಗಳು ಸೊಗಸಾಗಿಯೇ ಬಂದವು. ಆದರೆ ಅಸಂಖ್ಯಾತ ಮನೆಗಳಲ್ಲಿದ್ದುದು 2013ರಲ್ಲಿ ಬಂದಿದ್ದ ಹಳೆಯ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಯಂತ್ರಗಳು. ಅವುಗಳಲ್ಲಿ ಆಟ ಕುಂಟಿತು, ತೆವಳಿತು, ನಡುನಡುವೆ ಮೂರ್ಛೆಹೋಯಿತು. ಸಂಸ್ಥೆ ಬಹಿರಂಗವಾಗಿ ಕ್ಷಮೆ ಕೋರಿ ಹಣ ಹಿಂದಿರುಗಿಸುವ ಮಾತಾಡಿತು. ಸೋನಿ ಕಂಪೆನಿ ಒಂದು ವಾರದೊಳಗಾಗಿ ಆಟವನ್ನು ತನ್ನ ಮಳಿಗೆಯಿಂದ ತೆಗೆದುಹಾಕಿತು. ಅದು ಮತ್ತೆ ಅಲ್ಲಿಗೆ ಬಂದುದು 2021ರ ಜೂನ್‌ನಲ್ಲಿ. ಮುಂದೆ ತಿದ್ದುಪಡಿಗಳಿಂದ ಆಟ ಬಹಳ ಸುಧಾರಿಸಿತೆಂಬುದೂ ನಿಜ. ಆದರೆ 1982ರಲ್ಲಿ ಕಲಿತ ಪಾಠವನ್ನು 38 ವರ್ಷಗಳ ಬಳಿಕ ಮತ್ತೊಮ್ಮೆ ಶುಲ್ಕ ಕೊಟ್ಟು ಕಲಿಯಬೇಕಾಯಿತು!

ಹೀಗಾಗಿ ಯಂತ್ರಗಳನ್ನು ಹೋಲಿಸುವುದೆಂದರೆ ಯಾವುದರ ಪರದೆ ದೊಡ್ಡದು, ಯಾವುದರ ಬಣ್ಣ ಗಾಢ ಎಂದು ಪಟ್ಟಿ ಮಾಡುವುದಷ್ಟೇ ಅಲ್ಲ. ಮೂಲದ ಪ್ರಾಣ ಯಾವುದರಲ್ಲಿತ್ತೆಂದು ಮೊದಲು ಕಂಡುಕೊಂಡು, ಅದು ಈ ಯಂತ್ರದಲ್ಲಿ ಉಳಿದಿದೆಯೇ ಎಂದು ಕೇಳುವುದೇ ನಿಜವಾದ ವಿಮರ್ಶೆ. ಬಣ್ಣ ಹೋದರೂ ಟೆಟ್ರಿಸ್ ಉಳಿಯಿತು. ಪ್ಯಾಕ್-ಮ್ಯಾನಿನಲ್ಲಿ ಬಣ್ಣದೊಡನೆ ಭೂತಗಳ ಗುಣವೇ ಬೆಸೆದುಕೊಂಡಿತ್ತು. ಅಲ್ಲಿ ಬಣ್ಣ ಅಳಿಸಿದರೆ ಆಟವೇ ಅಳಿಸಿದಂತೆ. ಒಂದಕ್ಕೆ ಅಲಂಕಾರವಾದುದು ಮತ್ತೊಂದಕ್ಕೆ ಅಂಗವಾಗಿರಬಹುದು; ಇವೆರಡರ ಭೇದ ತಿಳಿದವನೇ ರಚಯಿತ, ತಿಳಿಸಬಲ್ಲವನೇ ವಿಮರ್ಶಕ.

ಹುಟ್ಟುಹಬ್ಬಕ್ಕೋ ಪರೀಕ್ಷೆ ಮುಗಿದ ಸಂತೋಷಕ್ಕೋ ಮಕ್ಕಳು ಆಟವೊಂದನ್ನು ಬೇಡಿದಾಗ ತಾಯಿತಂದೆಯರು ಡಬ್ಬಿಯ ಮೇಲಿನ ಚಿತ್ರವನ್ನೋ ಜಾಹೀರಾತಿನ ಅಬ್ಬರವನ್ನೋ ನಂಬಬೇಕಾಗಿಲ್ಲ. 'ನಮ್ಮ ಮನೆಯಲ್ಲಿರುವ ಈ ಯಂತ್ರದಲ್ಲಿ, ಇಷ್ಟು ಹಳೆಯದರಲ್ಲಿ, ಇದು ಹೇಗೆ ನಡೆಯುತ್ತದೆ?' ಎಂದು ಕೇಳಿ, ಅದೇ ಯಂತ್ರದಲ್ಲಿ ಆಡಿ ನೋಡಿದವರ ಮಾತನ್ನು ಹುಡುಕಿದರೆ ಅರ್ಧ ಮೋಸ ತಪ್ಪುತ್ತದೆ. ದೊಡ್ಡ ಯಂತ್ರವಿಲ್ಲವೆಂದು ಕೊರಗಬೇಕಾದುದೂ ಇಲ್ಲ. 1989ರಲ್ಲಿ ನಿಂಟೆಂಡೊ ತನ್ನ ಮನೆಯ ಯಂತ್ರಕ್ಕಾಗಿ ಹೊರತಂದ ಟೆಟ್ರಿಸ್ಸನ್ನು ಅಮೆರಿಕದ ಹದಿಮೂರು ವರ್ಷದ ಬಾಲಕನೊಬ್ಬ 2023ರ ಡಿಸೆಂಬರಿನಲ್ಲಿ ಆಡುತ್ತ ಕುಳಿತಿದ್ದ. ಆಡುತ್ತ ಆಡುತ್ತ ಹಿಂದೆ ಯಾರೂ ತಲುಪದಿದ್ದ ಘಟ್ಟಕ್ಕೆ ಹೋದಾಗ, ಮುಂದಿನ ತುಂಡು ಬೀಳಲಿಲ್ಲ. ಯಂತ್ರವೇ ಸ್ತಂಭಿಸಿ ನಿಂತುಬಿಟ್ಟಿತು. ಅವನು ಹುಟ್ಟುವುದಕ್ಕೆ ಇಪ್ಪತ್ತು ವರ್ಷ ಮೊದಲೇ ಅಂಗಡಿಗೆ ಬಂದಿದ್ದ ಆಟ ಅದು.

ಜಗಲಿಯ ಮೇಲೆ ಗೀಚಿದ ಚೌಕಾಬಾರದ ಮನೆಗಳು ಸಂಜೆಯ ಸಾರಣೆಯಲ್ಲಿ ಅಳಿಸಿಹೋಗುತ್ತವೆ; ಮರುದಿನ ಮಕ್ಕಳು ಮತ್ತೆ ಗೀಚುತ್ತಾರೆ, ಆಟ ಮುಂದುವರಿಯುತ್ತದೆ. ಯಂತ್ರಗಳೂ ಹಾಗೆಯೇ ಅಳಿಸಿಹೋಗುವ ಗೀಟುಗಳು. ಉಳಿಯುವುದು ಆಟ, ಉಳಿಸಿಕೊಳ್ಳುವವರ ಕೈ ಚೆನ್ನಾಗಿರಬೇಕು, ಅಷ್ಟೆ.